ಜಾಲಿಯ ಬೊಡ್ಡೆಗೆ ನಾನು ಮಾಡಿದ ಪೂಜೆ

ಹತ್ತನೇ ಕ್ಲಾಸು ಎರಡನೇ ಸಲ ಫೇಲಾದಾಗ ಅಪ್ಪ ನನ್ನನ್ನು ದಿಲ್ಲಿ ಹತ್ತಿರದ ಮಾನೇಸರಿನಲ್ಲಿ ಗೋಡೌನ್ ಕಟ್ಟುತ್ತಿದ್ದ ಪರಿಚಯದ ಮೇಸ್ತ್ರಿಯ ಕೈಗೊಪ್ಪಿಸಿದರು. ಗೇಟು ಬರುವ ಜಾಗದಲ್ಲಿ ಕಡಿದ ಜಾಲಿಮರದ ಬೊಡ್ಡೆ ಉಳಿದಿತ್ತು. ಟ್ರ್ಯಾಕ್ಟರ್ ಓಡಿಸುವ ಮುದುಕ ಚಾಚಾ ಸರಪಳಿ ಬಿಗಿದು ಎಳೆದೂ ಎಳೆದೂ ಸುಸ್ತಾದರು. ಟ್ರ್ಯಾಕ್ಟರಿನ ಮೂತಿ ಮೇಲೆದ್ದಿತೇ ಹೊರತು ಬೊಡ್ಡೆ ಅಲ್ಲಾಡಲಿಲ್ಲ.

"ಸಂಜೆಯೊಳಗೆ ಕೀಳದಿದ್ರೆ ಜೆಸಿಬಿ ತರಿಸ್ತೀನಿ. ನಾಳೆಯಿಂದ ನೀನು ಬರೋದು ಬೇಡ," ಅಂತ ಮೇಸ್ತ್ರಿ ಚಾಚಾಗೆ ಹೇಳಿದ.

ಚಾಚಾ ಚಹಾ ಕುಡಿಯಲು ಹೋದರು. ನನ್ನ ಕೈ ಸುಮ್ಮನಿರಬೇಕಲ್ಲ! ಬೊಡ್ಡೆಗೆ ಕೆಂಪು ದಾರ ಸುತ್ತಿ, ಮೇಲೆ ಎರಡು ಚೆಂಡುಹೂ ಇಟ್ಟೆ. ವಾಪಸು ಬಂದ ಚಾಚಾ ಅದನ್ನು ಕಂಡು ಚಪ್ಪಲಿ ಬಿಟ್ಟು ಕೈಮುಗಿದರು.

"ಇದಕ್ಕೇ ಬೊಡ್ಡೆ ಬರಲಿಲ್ಲ ನೋಡು ಬೇಟಾ! ಇದು ದೇವರ ಜಾಗ. ಕೆಲಸ ಹೋದ್ರೆ ಹೋಗ್ಲಿ, ನಾನು ಎಳೆಯಲ್ಲ," ಅಂದು ಸರಪಳಿ ಬಿಚ್ಚತೊಡಗಿದರು.

ನಾನು ಓಡಿಹೋಗಿ ಸರಪಳಿ ಹಿಡಿದುಕೊಂಡೆ. "ಚಾಚಾ, ಕಟ್ಟಿದ್ದು ನಾನು, ತಮಾಷೆಗೆ."

"ಕಟ್ಟಿದ್ದು ನೀನು. ಕಟ್ಟಿಸಿದ್ದು ಯಾರು?"

ಇಂಥ ಪ್ರಶ್ನೆ ಬೋರ್ಡ್ ಪರೀಕ್ಷೆಯಲ್ಲೂ ಬಂದಿರಲಿಲ್ಲ. "ಅಚ್ಛಾ, ನಾನೇ ಬಿಚ್ಚಿ ಕ್ಷಮೆ ಕೇಳ್ತೀನಿ, ಬೇರೂ ಕಡೀತೀನಿ. ಪಾಪ ಬಂದ್ರೆ ನನಗೇ ಬರಲಿ," ಅಂದೆ. ಚಾಚಾ ತುಂಬ ಯೋಚಿಸಿ ಕೊಡಲಿ ಕೊಟ್ಟರು.

ದಾರ ಬಿಚ್ಚಿ, ಕೈಮುಗಿದು, ಬೊಡ್ಡೆಯ ಸುತ್ತ ಗುಂಡಿ ತೋಡಿ, ಸಂಜೆವರೆಗೆ ಅದರಲ್ಲಿ ಕೂತು ಬೇರು ಕಡಿದೆ. ಅಂಗೈಯಲ್ಲಿ ಬೊಬ್ಬೆಗಳೆದ್ದವು. ಆಮೇಲೆ ಚಾಚಾ ಎಳೆದರೆ ಬೊಡ್ಡೆ ಹಾಲುಹಲ್ಲಿನ ಹಾಗೆ ಬಂತು.

"ಈ ಹುಡುಗ ಇಲ್ಲದಿದ್ರೆ ನನ್ನ ಕೆಲಸ ಹೋಗ್ತಿತ್ತು," ಅಂತ ಅವರು ಮೇಸ್ತ್ರಿಗೆ ಹೇಳಿದರು. ಮೇಸ್ತ್ರಿ ಅಪ್ಪನಿಗೆ ಫೋನ್ ಮಾಡಿ ಹೊಗಳಿದ.

"ನಿನಗೆ ಇಷ್ಟು ಜವಾಬ್ದಾರಿ ಎಲ್ಲಿಂದ ಬಂತೋ?" ಅಂತ ಅಪ್ಪ ಮೂರು ಸಲ ಕೇಳಿದರು. ಹುಟ್ಟಿದಂದಿನಿಂದ ಸಿಕ್ಕ ಮೊದಲ ಹೊಗಳಿಕೆ, ದಾರ ಕಟ್ಟಿದ ನಿಜ ಹೇಳಿ ಅದನ್ನು ಯಾರು ಕಳೆದುಕೊಳ್ಳುತ್ತಾರೆ?