ಕೈ ನಿಲ್ಲಿಸುವುದನ್ನು ಕಲಿಸಿದ ಶಿವಬಸಮ್ಮ ಮೇಡಂ

ಬಳ್ಳಾರಿಯಲ್ಲಿ ಒಂದು ವರ್ಷ ಹೊಲಿಯುವ ಜೀನ್ಸ್ ಪ್ಯಾಂಟುಗಳನ್ನು ಉದ್ದಕ್ಕೆ ಹಾಸುತ್ತ ಹೋದರೆ ನನ್ನೂರು ಕೊಳಗಲ್ಲಿನಿಂದ ಹೊರಟು, ಸಂಗನಕಲ್ಲಿನ ಗುಡ್ಡ ಹತ್ತಿ ಇಳಿದು, ಕೆಂಚನಗುಡ್ಡದ ಬಳಿ ತುಂಗಭದ್ರೆಯ ನೀರು ಮುಟ್ಟಿ ವಾಪಸು ಬರುವಷ್ಟಾಗುತ್ತದೆ. ಅದರಲ್ಲಿ ನಾಲ್ಕರಲ್ಲೊಂದು ಪಾಲು ನಾನೊಬ್ಬನೇ ಹೊಲಿದದ್ದು ಎಂದರೆ ನಂಬುವವರು ನಂಬಲಿ. ಹೊಲಿಯುವ ಕೈಗಳಿಗೆ ಇಲ್ಲಿ ಎಂದೂ ಬರವಿರಲಿಲ್ಲ. ಬರವಿದ್ದದ್ದು, ಕೆಲಸವು ಒಂದು ಕೈಯಿಂದ ಇನ್ನೊಂದು ಕೈಗೆ ಹೇಗೆ ಹರಿಯಬೇಕು, ಎಲ್ಲಿ ತಡೆಯುತ್ತದೆ, ತಡೆದಾಗ ಯಾರು ಏನು ಮಾಡಬೇಕು ಎಂಬುದನ್ನು ಬಲ್ಲವರಿಗೆ. ಆ ಬರವನ್ನು ಮೂವತ್ತನಾಲ್ಕು ವರ್ಷ ಪಾಲಿಟೆಕ್ನಿಕ್ಕಿನ ಕರಿಹಲಗೆಯ ಮುಂದೆ ನಿಂತೂ ಕಾರ್ಖಾನೆಗಳ ಸಿಮೆಂಟು ನೆಲದ ಮೇಲೆ ಕೂತೂ ನೀಗಿಸಿದವರು, ಈ ಮೇ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಉತ್ಪಾದನಾ ನಿರ್ವಹಣೆಯ ಅಧ್ಯಾಪಕಿ ಶ್ರೀಮತಿ ಶಿವಬಸಮ್ಮನವರು. ಅವರ ಬಗ್ಗೆ ಈ ಅಭಿನಂದನಾ ಸಂಪುಟಕ್ಕೆ ಬರೆಯಲು ಸಂಪಾದಕರು ನನಗೆ ನಾಲ್ಕು ಪುಟ ಕೊಟ್ಟಿದ್ದಾರೆ. ನಾನು ನಲವತ್ತು ಕೇಳಿದ್ದೆ.

ಮೇಡಂ ಹುಟ್ಟಿದ್ದು ಸಿರುಗುಪ್ಪದಲ್ಲಿ. ತಂದೆ ಹಾಲಸಿದ್ದಪ್ಪನವರು ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಬೆಂದ ಭತ್ತದ ವಾಸನೆಯಲ್ಲೇ ಬೆಳೆದ ಹುಡುಗಿ, ಮನೆತನದಲ್ಲಿ ಯಾವ ಹೆಣ್ಣುಮಗಳೂ ಹೆಸರು ಕೇಳಿರದ ಎಂಜಿನಿಯರಿಂಗ್ ಓದಿ, ಇಪ್ಪತ್ತಾರನೆಯ ವಯಸ್ಸಿಗೆ ಬಳ್ಳಾರಿಗೆ ಪಾಠ ಹೇಳಲು ಬಂದರು. ಆಗ ತರಗತಿಯಲ್ಲಿ ಐವತ್ತೆಂಟು ಗಂಡುಹುಡುಗರು, ಇಬ್ಬರು ಹುಡುಗಿಯರು ಇದ್ದರಂತೆ. ಮೊದಲ ದಿನ ಹಿಂದಿನ ಬೆಂಚಿನಿಂದ ಬಂದ ಸಿಳ್ಳೆಯನ್ನು ಅವರು ಗದರಿಸಲಿಲ್ಲ. ಗಡಿಯಾರ ತೆಗೆದು, ಸಿಳ್ಳೆ ಎಷ್ಟು ಸೆಕೆಂಡು ನಡೆಯಿತೆಂದು ಅಳೆದು, ಹಲಗೆಯ ಮೇಲೆ ಬರೆದು, ಉಳಿದ ಐವತ್ತೊಂಬತ್ತು ಜನರ ಅಷ್ಟು ಸೆಕೆಂಡು ವ್ಯರ್ಥವಾದರೆ ಒಟ್ಟು ಎಷ್ಟಾಯಿತು ಎಂದು ಸಿಳ್ಳೆ ಹಾಕಿದವನಿಂದಲೇ ಗುಣಾಕಾರ ಮಾಡಿಸಿದರು. ಆಮೇಲೆ ಮೂವತ್ತನಾಲ್ಕು ವರ್ಷ ಆ ಕಟ್ಟಡದಲ್ಲಿ ಕಾಗೆಯೂ ಕೂಗಲಿಲ್ಲ ಎನ್ನುತ್ತಾರೆ.

ನಾನು ಅವರ ವಿದ್ಯಾರ್ಥಿಯಾದಾಗ ಅವರು ಪಾಠವನ್ನು ಪುಸ್ತಕದಿಂದ ಶುರು ಮಾಡಲಿಲ್ಲ. ಸಿರುಗುಪ್ಪದ ಬಸ್ಸು ಹತ್ತಿಸಿದರು. ಬುತ್ತಿಯ ಡಬ್ಬಿಗಳನ್ನು ತಾವೇ ಹೊತ್ತು ತಂದಿದ್ದರು. ಗಿರಣಿಯಲ್ಲಿ ಭತ್ತ ಬೇಯಿಸುವ ಹಂಡೆಗಳು, ಒಣಗಿಸುವ ಅಂಗಳ, ಹೊಟ್ಟು ಬಿಡಿಸುವ ಯಂತ್ರ ಮೂರನ್ನೂ ತೋರಿಸಿ, ಇಲ್ಲಿ ದಿನಕ್ಕೆ ಎಷ್ಟು ಅಕ್ಕಿ ಹೊರಡುತ್ತದೆ ಹೇಳಿ ಎಂದರು. ನಾವೆಲ್ಲ ಯಂತ್ರದ ಮೇಲಿನ ತಗಡಿನಲ್ಲಿ ಅಂಕಿ ಹುಡುಕುತ್ತಿದ್ದೆವು.

“ಯಂತ್ರಾನ ಕೇಳಬ್ಯಾಡ್ರಿ, ಹಂಡೀನೂ ಕೇಳಬ್ಯಾಡ್ರಿ,” ಎಂದರು ಮೇಡಂ. “ಅಂಗಳ ಕೇಳ್ರಿ. ಅಂಗಳ ಎಷ್ಟು ಒಣಗಿಸ್ತೈತೋ ಈ ಗಿರಣಿ ಅಷ್ಟ ಕೊಡೋದು.”

ಸುಮ್ಮನಿರುವುದು ನನ್ನ ಜಾಯಮಾನವಲ್ಲ. “ಇನ್ನೆರಡು ಹಂಡಿ ಇಟ್ರ ಜಾಸ್ತಿ ಬರ್ತೈತಲ್ರೀ ಮೇಡಂ.”

“ಇಡಪಾ. ಬೆಂದ ಭತ್ತ ಎಲ್ಲಿ ಹರವ್ತಿ, ನಿನ್ನ ತಲಿ ಮ್ಯಾಲೇನು?”

ಅಂಗಳದಲ್ಲಿದ್ದ ಹಮಾಲರೂ ನಕ್ಕರು. ಹಸಿ ಭತ್ತ ಒಣಗದೆ ಎರಡು ದಿನ ರಾಶಿ ಬಿದ್ದರೆ ಮುಗ್ಗುತ್ತದೆ, ಮುಗ್ಗಿದ್ದನ್ನು ಆಮೇಲೆ ಯಾವ ಯಂತ್ರವೂ ತಿದ್ದಲಾರದು ಎಂದು ಹಾಲಸಿದ್ದಪ್ಪನವರು ಒಂದು ಹಿಡಿ ಎತ್ತಿ ಮೂಸಿಸಿ ತೋರಿಸಿದರು. ನಾನು ಮೂಸಿದೆ, ತಲೆಯಾಡಿಸಿದೆ, ಬಸ್ಸಿನಲ್ಲಿ ಮರೆತೆ.

ಮರೆತದ್ದಕ್ಕೆ ಸಾಕ್ಷಿಯಾಗಿ ಅದೇ ವಿಷಯದಲ್ಲಿ ಮೂರು ಸಲ ನಪಾಸಾದೆ. ಒಂದು ಸಲ ಯಾರು ಬೇಕಾದರೂ ಆಗುತ್ತಾರೆ. ಮೂರು ಸಲ ಆಗಲು ಒಂದು ಮಟ್ಟದ ಪ್ರತಿಭೆ ಬೇಕು. ನಾಲ್ಕನೆಯ ಸಲಕ್ಕೆ ಮುನ್ನ ಮೇಡಂ ಪ್ರತಿ ಭಾನುವಾರ ನನ್ನನ್ನು ಮನೆಗೆ ಕರೆಸಿ, ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಒಳಗಿನಿಂದ ರೊಟ್ಟಿ ಬರುತ್ತಿದ್ದಂತೆ ಲೆಕ್ಕ ಮಾಡಿಸಿದರು. ಹದಿನಾಲ್ಕು ಭಾನುವಾರ. ರೊಟ್ಟಿಗಳು ಎಷ್ಟಾದವೆಂದು ಬರೆದರೆ ನೀವು ಮುಂದೆ ಓದಲಾರಿರಿ. ಇದಕ್ಕಾಗಿ ಅವರು ನನ್ನಿಂದ ಏನನ್ನೂ ಅಪೇಕ್ಷಿಸಲಿಲ್ಲ, ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಅದನ್ನು ಇಂದು ಮೊದಲ ಬಾರಿಗೆ ಅಚ್ಚಿನಲ್ಲಿ ಹೇಳುತ್ತಿರುವವನು ನಾನು.

ಆದರೆ ಮೇಡಂ ಎಂಥವರೆಂಬುದು ನನಗೆ ನಿಜವಾಗಿ ತಿಳಿದದ್ದು ಎಂಟು ವರ್ಷದ ಹಿಂದೆ, ಕುರುಗೋಡಿನಲ್ಲಿ.

ಬಳ್ಳಾರಿಯ ಜೀನ್ಸ್ ವ್ಯಾಪಾರಿ ವೀರಭದ್ರ ಸಾವ್ಕಾರರು ಕುರುಗೋಡಿನಲ್ಲಿ ಒಂದು ಹೊಲಿಗೆ ಘಟಕ ತೆರೆದು ನನ್ನನ್ನು ಅದರ ಮೇಲ್ವಿಚಾರಕನನ್ನಾಗಿ ನೇಮಿಸಿದ್ದರು. ಮೂವತ್ತೊಂದು ಹೆಂಗಸರು. ಅವರೆಲ್ಲ ಅದಕ್ಕೂ ಮುಂಚೆ ನಸುಕಿಗೆ ಎದ್ದು ಬಸ್ಸಿನಲ್ಲಿ ನಿಂತುಕೊಂಡೇ ಬಳ್ಳಾರಿಗೆ ಹೋಗಿ ಹೊಲಿಯುತ್ತಿದ್ದವರು. ಮೊದಲ ಆರ್ಡರು ಒಂದು ಕಾರ್ಖಾನೆಯ ಕೆಲಸಗಾರರಿಗಾಗಿ ಮೂರು ಸಾವಿರ ಪ್ಯಾಂಟು, ಹೊಲಿಗೆಗೆ ಇಪ್ಪತ್ತು ದಿನ. ಸಮಯಕ್ಕೆ ಮುಗಿದರೆ ವರ್ಷವಿಡೀ ಕೆಲಸ. ಮುಗಿಯದಿದ್ದರೆ ಮಷಿನ್‌ಗಳನ್ನೆಲ್ಲ ಲಾರಿಗೆ ಹಾಕಿ ಬಳ್ಳಾರಿಗೆ ವಾಪಸು ಒಯ್ಯುವುದೆಂದು ಸಾವ್ಕಾರರು ಎಲ್ಲರ ಎದುರಿಗೇ ಹೇಳಿದ್ದರು. ಸೊಂಟಪಟ್ಟಿ ಹೊಲಿಯುವ ಮಂಜಮ್ಮ ಅಂದೇ ನನಗೆ ಹೇಳಿದ್ದಳು: “ಸರ್, ಮಷಿನ್ ಹೋದ್ರ ನಾ ಮನ್ಯಾಗ ಕುಂದ್ರೋದ ಸೈ. ನಮ್ಮತ್ತಿ ಹಾಸಿಗಿ ಹಿಡದಾಳ, ಬಳ್ಳಾರಿ ಬಸ್ಸಿಗೆ ಹೋಗಾಕ ನನಗ ಇನ್ನ ಆಗಂಗಿಲ್ಲ.”

ಮೇಲ್ವಿಚಾರಣೆ ಎಂದರೆ ಎಲ್ಲರಿಗಿಂತ ಜೋರಾಗಿ ಹೊಲಿದು ತೋರಿಸುವುದು ಎಂದು ತಿಳಿದಿದ್ದ ನಾನು, ಪ್ಯಾಂಟಿನ ಮುಂಭಾಗ ಹಿಂಭಾಗಗಳನ್ನು ಜೋಡಿಸುವ ಮಷಿನ್ ಮೇಲೆ ಸ್ವತಃ ಕೂತೆ. ನನ್ನ ವೇಗಕ್ಕೆ ಸೂಜಿ ಕೆಂಪಗೆ ಕಾಯುತ್ತಿತ್ತು; ಪಕ್ಕದವರು ಅದರಲ್ಲಿ ಬೀಡಿ ಹಚ್ಚಿಕೊಳ್ಳಬಹುದಿತ್ತು. ನಮ್ಮ ಕಡೆಯ ಘಟಕಗಳಲ್ಲಿ ಒಂದು ರೂಢಿಯಿದೆ: ಕೆಲಸ ತಪ್ಪಿಹೋಗದಿರಲೆಂದು ಪ್ರತಿಯೊಬ್ಬರೂ ಕತ್ತರಿಸಿದ ಬಟ್ಟೆಯ ಕಟ್ಟುಗಳನ್ನು ಮುಂಚೆಯೇ ತಂದು ತಮ್ಮ ಸ್ಟೂಲಿನ ಕೆಳಗೆ ತುರುಕಿಟ್ಟುಕೊಳ್ಳುವುದು. ಅದನ್ನು ನಾನು ನಿಲ್ಲಿಸಬೇಕಿತ್ತು. ನಿಲ್ಲಿಸುವ ಬದಲು ಎಲ್ಲರಿಗಿಂತ ಹೆಚ್ಚು ನಾನೇ ತುರುಕಿಟ್ಟುಕೊಂಡೆ. ಒಂದು ಥಾನಿನ, ಅಂದರೆ ಒಂದೇ ಬಟ್ಟೆ ಸುರುಳಿಯ, ಹಿಂಭಾಗಗಳು ಇನ್ನೂ ಬಂದಿರದಿದ್ದರೆ, ಸ್ಟೂಲಿನ ಕೆಳಗಿದ್ದ ಇನ್ನೊಂದು ಥಾನಿನದನ್ನು ಎಳೆದು ಹೊಲಿದುಬಿಡುತ್ತಿದ್ದೆ. ಮಷಿನ್ ನಿಲ್ಲಬಾರದು, ಅಷ್ಟೇ.

ಒಂಬತ್ತನೆಯ ದಿನಕ್ಕೆ ಅರೆಹೊಲಿದ ಪ್ಯಾಂಟುಗಳ ರಾಶಿ ಕಿಟಕಿ ಮುಚ್ಚಿ, ಹಗಲಿನಲ್ಲೂ ದೀಪ ಹಾಕುವಂತಾಗಿತ್ತು. ಪೂರ್ತಿಯಾಗಿ ಹೊರಬೀಳುತ್ತಿದ್ದದ್ದು ದಿನಕ್ಕೆ ಎಂಬತ್ತು ಮಾತ್ರ. ನಾನು ಮಂಜಮ್ಮನ ಮೇಲೆ ಹರಿಹಾಯ್ದೆ. ಸೊಂಟಪಟ್ಟಿಗೆ ಇದ್ದದ್ದು ಅವಳದೊಂದೇ ಮಷಿನ್. ಅದೇ ಸಂಜೆ ತೊಳೆಯಲು ಕಳಿಸಿದ್ದ ಮೊದಲ ಕಂತು ವಾಪಸು ಬಂತು. ತೊಳೆಯುವ ಮುನ್ನ ಎಲ್ಲ ಥಾನುಗಳೂ ಒಂದೇ ನೀಲಿ. ತೊಳೆದ ಮೇಲೆ ಒಂದೊಂದರದು ಒಂದೊಂದು ಬಣ್ಣ. ಅರವತ್ತು ಪ್ಯಾಂಟುಗಳು ಎದುರಿನಿಂದ ಅಮಾವಾಸ್ಯೆ, ಹಿಂದಿನಿಂದ ಹುಣ್ಣಿಮೆ.

ಅಂದು ನಾನು ಮೇಡಂಗೆ ಫೋನು ಮಾಡಿದೆ. ಅವರು ಕಾರಣ ಕೇಳಲಿಲ್ಲ, ಬೈಯಲೂ ಇಲ್ಲ. ರಜೆ ಬರೆದುಕೊಟ್ಟು ಮರುದಿನ ಮೊದಲ ಬಸ್ಸಿಗೆ ಬಂದಿಳಿದರು. ನನ್ನ ಮಷಿನ್ ಕಡೆ ತಿರುಗಿಯೂ ನೋಡದೆ ಮಂಜಮ್ಮನ ಪಕ್ಕ ಕುರ್ಚಿ ಹಾಕಿಸಿಕೊಂಡು, ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟು, ಸಂಜೆಯವರೆಗೆ ಕೂತರು. ಆಮೇಲೆ ಎಲ್ಲರನ್ನೂ ಕರೆದರು.

“ಈಕಿ ಒಂದು ಪಟ್ಟಿ ಹೊಲಿಯೋದು ಎರಡು ನಿಮಿಷ. ಎಂಟು ತಾಸಿಗೆ ಎಷ್ಟಾತು?”

“ಇನ್ನೂರಾ ನಲವತ್ತು,” ಎಂದೆ ನಾನು. ಹದಿನಾಲ್ಕು ಭಾನುವಾರ ಸುಮ್ಮನೆ ಹೋಗಿರಲಿಲ್ಲ.

“ಆಗಾಕತ್ತಿದ್ದು ಎಂಬತ್ತು. ಯಾಕಂದ್ರ ಈ ಮಷಿನ್ ಇವತ್ತು ಓಡಿದ್ದು ಎರಡು ತಾಸು ನಲವತ್ತು ನಿಮಿಷ. ಉಳಿದ ಹೊತ್ತೆಲ್ಲ ಈಕಿ ನೀ ಒಗದ ರಾಶಿಯಾಗ ಜೋಡಿ ಹುಡುಕ್ಯಾಳ, ದಾರ ತರಾಕ ಎದ್ದಾಳ, ನೀ ತಪ್ಪು ಜೋಡಿಸಿದ್ದು ಬಿಚ್ಯಾಳ. ನಿಧಾನ ಆಕಿ ಅಲ್ಲ ವಿರೂಪಾಕ್ಷಿ.”

ನಾನು ಮೆಲ್ಲಗೆ ನನ್ನ ಮಷಿನ್‌ನ ಸ್ವಿಚ್ಚು ಆರಿಸಿದೆ.

ಮಂಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಒಂಬತ್ತು ದಿನದಿಂದ ಇದನ್ನ ಹೇಳಾಕ ಬಾಯಿ ತಗದ್ರ ಸರ್ ಮಷಿನ್ ಸಪ್ಪಳ ಜೋರ್ ಮಾಡ್ತಿದ್ರು,” ಎಂದಳು. ಮೂವತ್ತು ಜನ ನಕ್ಕರು. ಆ ನಗೆ ಕುರುಗೋಡಿನ ಬೆಟ್ಟಕ್ಕೆ ಬಡಿದು ಇನ್ನೂ ತಿರುಗಾಡುತ್ತಿದೆ.

ಉಳಿದದ್ದು ಹತ್ತು ದಿನ, ಹೊಲಿಯಬೇಕಾದದ್ದು ವಾಪಸು ಬಂದ ಅರವತ್ತೂ ಸೇರಿ ಎರಡು ಸಾವಿರದ ಇನ್ನೂರ ಅರವತ್ತು. ಮೇಡಂ ಹೊಸ ಮಷಿನ್ ಕೇಳಲಿಲ್ಲ, ಜನ ಕೇಳಲಿಲ್ಲ. ಮಂಜಮ್ಮನ ಮಷಿನ್ ಒಂದು ನಿಮಿಷವೂ ನಿಲ್ಲಕೂಡದು. ಅವಳು ಊಟಕ್ಕೆ ಹೋದರೆ ಭಾಗ್ಯ ಎಂಬಾಕೆ ಬಂದು ಕೂರಬೇಕು. ದಾರ, ಎಣ್ಣೆ ಅವಳಿದ್ದಲ್ಲಿಗೇ ಬರಬೇಕು. ಪ್ರತಿ ಕಟ್ಟಿಗೂ ಹಚ್ಚಿದ ಥಾನಿನ ಚೀಟಿಯನ್ನು ಇಬ್ಬರು ಸೊಂಟಪಟ್ಟಿಗೆ ಮುಂಚೆಯೇ ನೋಡಿ, ತಪ್ಪಿದ್ದನ್ನು ಬಿಚ್ಚಿ, ಜೋಡಿಸಿ ಕೊಡಬೇಕು. “ಪಟ್ಟಿ ಹಾಕಿದ ಮ್ಯಾಲೆ ತಪ್ಪು ಹಿಡದ್ರ ಏನ್ ಬಂತು? ಈಕಿ ಎರಡು ನಿಮಿಷ ತಿರುಗಿ ಬರ್ತಾವೇನು?” ಎಲ್ಲ ಸ್ಟೂಲುಗಳ ಕೆಳಗಿನ ಕಟ್ಟುಗಳನ್ನೂ ಹೊರಗೆ ತೆಗೆಸಿದರು. ನನ್ನದರ ಕೆಳಗಿನಿಂದ ಹೊರಬಂದದ್ದು ಒಂದು ಎತ್ತಿನ ಬಂಡಿಗಾಗುವಷ್ಟಿತ್ತು. ಕೊನೆಗೆ ಮಂಜಮ್ಮನ ಬಲಗಡೆ ಒಂದು ಹಲಗೆ ಇಡಿಸಿದರು.

“ಇದರ ಮ್ಯಾಲೆ ಎರಡು ಕಟ್ಟು ಇರಬೇಕು. ಒಂದಾದ್ರ ನೀ ಹೊಲಿ. ಎರಡಿದ್ರ ಕೈ ಕಟಗೊಂಡು ಕುಂದ್ರು.”

“ಸುಮ್ನ ಕುಂದ್ರಬೇಕೇನ್ರಿ? ಜನ ಏನಂತಾರ?”

“ಜನ ಅನ್ನಲಿ. ನೀ ಕುಂದ್ರು.”

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಊರುಗಳಲ್ಲಿ ನನ್ನಷ್ಟು ವೇಗದ ಕೈ ಇನ್ನೊಂದಿರಲಿಲ್ಲ; ಆ ಕೈಗೆ ಸಿಕ್ಕ ಶಿಕ್ಷೆ ಇದು. ಮೊದಲ ದಿನ ನೂರಾ ತೊಂಬತ್ತು ಪ್ಯಾಂಟು ಹೊರಬಿದ್ದವು, ಎರಡನೆಯ ದಿನ ಇನ್ನೂರಾ ಹತ್ತು. ಮೂರನೆಯ ದಿನ ಮೇಡಂ ಕಾಲೇಜಿಗೆ ಹೋಗಬೇಕಾಗಿ ಬಂತು. ಹಲಗೆಯ ಮೇಲೆ ಎರಡು ಕಟ್ಟಿದ್ದವು. ನನಗೆ ತಡೆಯಲಾಗಲಿಲ್ಲ, ನಾಲ್ಕು ಕಟ್ಟು ಹೊಲಿದು ಹಲಗೆಯ ಕೆಳಗೆ ಸರಿಸಿದೆ, ಆಮೇಲೆ ಇನ್ನೂ ಆರು. ಮಧ್ಯಾಹ್ನಕ್ಕೆ ಚೀಟಿಗಳು ಕಲಸಿಹೋಗಿ, ನೋಡುವ ಇಬ್ಬರೂ ನೆಲಕ್ಕೆ ಕೂತು ಹುಡುಕುತ್ತಿದ್ದರು, ಮಂಜಮ್ಮನ ಮಷಿನ್ ನಿಂತಿತ್ತು. ಅಂದು ಹೊರಬಿದ್ದದ್ದು ನೂರೈವತ್ತು.

ಸಂಜೆ ಮೇಡಂ ಬಂದು ಅಂಕಿ ನೋಡಿ, ನನ್ನನ್ನು ನೋಡಿದರು. ಒಂದು ಚೀಟಿಯ ಮೇಲೆ ಭಾಗಾಕಾರ ಮಾಡಿ ಮಂಜಮ್ಮನ ಕೈಗೆ ಕೊಟ್ಟರು. ಇನ್ನು ಏಳು ದಿನ, ದಿನಕ್ಕೆ ಇನ್ನೂರಾ ನಲವತ್ತೈದು; ಊಟದ ಹೊತ್ತಿನಲ್ಲಿ ಭಾಗ್ಯ ಹೊಲಿಯುವುದೂ ಸೇರಿದರೆ ಮಾತ್ರ ಆಗುವಷ್ಟು. ಮಂಜಮ್ಮ ಚೀಟಿ ಓದಿ ನನ್ನ ಹತ್ತಿರ ಬಂದಳು.

“ಸರ್, ನಿಮಗ ಹೊಲ್ಯಾಕ ಬರ್ತೈತಿ ಅಂತ ಊರಿಗೆಲ್ಲ ಗೊತ್ತೈತಿ. ನನ್ನ ಕೆಲಸ ಉಳಸಾಕ ಬರ್ತೈತೇನು ಹೇಳ್ರಿ.”

ಮರುದಿನದಿಂದ ನಾನು ಕೂತೆ. ಹಲಗೆಯ ಮೇಲೆ ಎರಡಿದ್ದರೆ ಕೈ ಕಟ್ಟಿ, ಒಂದಾದರೆ ಹೊಲಿದು, ಮತ್ತೆ ಕೈ ಕಟ್ಟಿ. ಬೆಟ್ಟ ಅಗೆದವನಿಗೂ ಆಗದ ಮೈನೋವು ಆ ಕೂರುವುದರಲ್ಲಿತ್ತು. ಹದಿನೈದನೆಯ ದಿನ ವೀರಭದ್ರ ಸಾವ್ಕಾರರು ಬಂದು ನನ್ನನ್ನು ನೋಡಿ ದಂಗಾದರು.

“ಲೇ ವಿರೂಪಾಕ್ಷಿ, ಸುಮ್ನ ಕುಂತೀಯಲ್ಲ, ಜ್ವರ ಬಂದೈತೇನು?”

“ಕೆಲಸ ಮಾಡಾಕತ್ತಾನ, ಮಾತಾಡಿಸಬ್ಯಾಡ್ರಿ,” ಎಂದರು ಮೇಡಂ.

ಸಾವ್ಕಾರರು ಮಂಜಮ್ಮನ ಮಷಿನ್ ಕಡೆ ನೋಡುತ್ತ ಅರ್ಧ ತಾಸು ನಿಂತರು, ಅದು ನಿಲ್ಲಲಿಲ್ಲ. ಊಟದ ಹೊತ್ತಿಗೆ ಭಾಗ್ಯ ಕೂತಳು, ಆಗಲೂ ನಿಲ್ಲಲಿಲ್ಲ. ಕೊನೆಯ ದಿನ ಮಧ್ಯಾಹ್ನ ನಾಲ್ಕೂ ಇಪ್ಪತ್ತಕ್ಕೆ ಮೂರು ಸಾವಿರದನೆಯ ಪ್ಯಾಂಟಿನ ದಾರವನ್ನು ಮಂಜಮ್ಮ ಹಲ್ಲಿನಿಂದ ಕಡಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಒಮ್ಮೆಲೇ ನೀರು ಕುಡಿಯಲು ಹೋದರು. ಲಾರಿ ಬಂದದ್ದು ಪ್ಯಾಂಟುಗಳಿಗಾಗಿ. ಮಷಿನ್‌ಗಳು ಇದ್ದಲ್ಲೇ ಇದ್ದವು, ಇವೆ.

ಇದರ ಶ್ರೇಯಸ್ಸನ್ನು ಬಹಳ ಕಾಲ ನಾನೇ ತೆಗೆದುಕೊಂಡು ತಿರುಗಾಡಿದ್ದೇನೆ. ಮೂರು ಊರುಗಳ ಚಹಾದಂಗಡಿಗಳಲ್ಲಿ ಈ ಕಥೆಗೆ ನಾನೇ ನಾಯಕ. ಮೇಡಂ ಕಿವಿಗೂ ಅದು ಬಿದ್ದಿದೆ, ಒಮ್ಮೆಯೂ ತಿದ್ದಲಿಲ್ಲ. ಈ ಸಂಪುಟದಲ್ಲಿ ನಾನು ತಿದ್ದುತ್ತಿದ್ದೇನೆ. ಕುರುಗೋಡಿನ ನಂತರ ಅವರು ಸಿರುಗುಪ್ಪದ ಗಿರಣಿಗಳಿಗೆ, ಬಳ್ಳಾರಿಯ ಹತ್ತಾರು ಹೊಲಿಗೆ ಘಟಕಗಳಿಗೆ ಹೀಗೆಯೇ ಹೋಗಿ ಕೂತು ಬಂದಿದ್ದಾರೆ. ಎಲ್ಲಿಯೂ ಹೆಸರು ಬರೆಸಿಲ್ಲ. ಕುರುಗೋಡಿನಲ್ಲಿ ದಿನಕ್ಕೆ ಎಷ್ಟು ಹೊಲಿಯಬೇಕೆಂದು ಈಗ ಬೆಳಿಗ್ಗೆ ಗೋಡೆಯ ಕರಿಹಲಗೆಯ ಮೇಲೆ ಬರೆಯುವವಳು ಮಂಜಮ್ಮ. ನನ್ನನ್ನು ಕೇಳುವ ಪದ್ಧತಿ ನಿಂತು ಎಂಟು ವರ್ಷವಾಯಿತು.

ಸೇವೆಯ ಭಾರ ಇಳಿಸಿದ ಮೇಲೆ ಮೇಡಂ ವಿಶ್ರಾಂತಿಯಿಂದ ಇರಲಿ ಎಂದು ಈ ಪುಟಗಳಲ್ಲಿ ಹಲವರು ಹಾರೈಸಿರಬಹುದು. ನನ್ನ ಹಾರೈಕೆ ಅದಲ್ಲ. ಅವರ ಕಣ್ಣು, ಮೊಣಕಾಲು, ಗಡಿಯಾರ ಮೂರೂ ಇನ್ನೂ ನಲವತ್ತು ವರ್ಷ ಗಟ್ಟಿಯಾಗಿರಲಿ; ಕಡಿಮೆಯಾದರೆ ನಾನು ಒಪ್ಪುವುದಿಲ್ಲ. ಜೂನ್ ಮೊದಲ ಸೋಮವಾರ ಕುರುಗೋಡಿನಲ್ಲಿ ನಮ್ಮ ಎರಡನೆಯ ಹೊಲಿಗೆ ಸಾಲು ಶುರುವಾಗುತ್ತದೆ, ಇಪ್ಪತ್ತಾರು ಜನ ಹೊಸ ಹೆಂಗಸರು ಬರುತ್ತಿದ್ದಾರೆ. ಮೇಡಂ, ನೀವೇ ಬರಬೇಕು. ಅವರಿಗೆ ನಾನು ಪಾಠ ಹೇಳಿದರೆ ನನ್ನ ಕಥೆ ಹೇಳುತ್ತೇನೆ; ನೀವು ಹೇಳಿದರೆ ಅವರಿಗೆ ಕೆಲಸ ಉಳಿಯುತ್ತದೆ.