ಅಲುಗಬಾರದ ತುಟಿ

ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಯಂತ್ರಗಳ ಗದ್ದಲಕ್ಕೆ ಕಿವಿಯ ಹತ್ತಿರ ಕೂಗಿದರೂ ಕೇಳಿಸದು. ಹೀಗಾಗಿ ಅಲ್ಲಿನವರು ದನಿಯಿಲ್ಲದೆ ತುಟಿಯಲ್ಲೇ ಮಾತಾಡುತ್ತಾರೆ. ಅಲ್ಲಿ ಮಗ್ಗ ನಡೆಸುವ, ಪಕ್ಕದ ಶಹಾಪುರದ ಯಲಗೂರಪ್ಪ ಅಲ್ಲೇ ದುಡಿಯುವ ಹೆಂಡತಿ ಮುದಕವ್ವನ ಜೊತೆ ಸಂಸಾರದ ಅರ್ಧ ಜಗಳವನ್ನು ಹಾಗೆಯೇ ಆಡಿ ಮುಗಿಸಿದ್ದ. ಪುಸ್ತಕ ಓದುವಾಗಲೂ ಅವನ ತುಟಿ ಅಲುಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಶೆಡ್ಡು ಕೊಟ್ಟ ಗುಣ ಅದಕ್ಕಿಂತ ಗಟ್ಟಿ.

ನಲವತ್ತೇಳನೆಯ ವಯಸ್ಸಿನಲ್ಲಿ ಬಿ.ಎ. ಮುಗಿಸಲು ಹೊರಟ ಈ ಪುಣ್ಯಾತ್ಮನಿಗೆ ಉಳಿದದ್ದು ಒಂದೇ ಪೇಪರ್. ಮನೆಯಲ್ಲೇ ಕೂತು ಮೊಬೈಲಿನಲ್ಲಿ ಬರೆಯಬೇಕು. ಕ್ಯಾಮೆರಾ ಮುಖವನ್ನೇ ನೋಡುತ್ತಿರುತ್ತದೆ, ಮಾತಾಡಿದರೆ ಟಣ್ ಎಂದು ಎಚ್ಚರಿಸುತ್ತದೆ, ಮೂರನೆಯ ಸಲ ಪರೀಕ್ಷೆಯೇ ಬಂದ್ ಎಂದು ಮಗಳು ವೃಷಾಲಿ ಇಬ್ಬರಿಗೂ ಹತ್ತು ಸಲ ಹೇಳಿ ಕೆಲಸಕ್ಕೆ ಹೋಗಿದ್ದಳು. ಈ ಸಲ ತಪ್ಪಿದರೆ ನೋಂದಣಿಯ ಅವಧಿ ಮುಗಿದು ಆರು ವರ್ಷದ ಓದು ನೀರಿನಲ್ಲಿ ಹೋಮ.

ಮೊದಲ ಪ್ರಶ್ನೆ ಓದುತ್ತಿದ್ದಂತೆಯೇ ಮೊಬೈಲು ಟಣ್ ಎಂದಿತು. ಯಲಗೂರಪ್ಪ ಸೊಲ್ಲೇ ಎತ್ತಿರಲಿಲ್ಲ. ತನ್ನ ತುಟಿಯೇ ತನ್ನನ್ನು ಹಿಡಿದುಕೊಟ್ಟಿತೆಂದು ಹೊಳೆಯಲು ಐದು ನಿಮಿಷ ಹಿಡಿಯಿತು. ಬಾಯಿ ಬಿಗಿಹಿಡಿದು ಮುಂದುವರಿದ.

ಅರ್ಧ ತಾಸಿಗೆ ಮುದಕವ್ವ ಪಾಳಿ ಮುಗಿಸಿ ಬಂದಳು. ಸದ್ದು ಮಾಡಬಾರದೆಂಬ ಜಾಣತನದಿಂದ ಬಾಗಿಲಲ್ಲೇ ನಿಂತು, ಚಹಾ ಮಾಡಲೇನೆಂದು ತುಟಿಯಲ್ಲಿ ಕೇಳಿದಳು. ಅವನೂ ಮೈಮರೆತು ತುಟಿಯಲ್ಲೇ ಬೇಡವೆಂದ. ಮತ್ತೆ ಟಣ್.

ಇನ್ನೂ ಒಂದು ತಾಸು ಉಳಿದಿತ್ತು. ಗಾಬರಿಯಲ್ಲಿ ಅವನ ಬೆರಳು ತಪ್ಪು ಉತ್ತರದ ಮೇಲೆ ಬಿತ್ತು. ತಾನು ಮಾಡಿದ ಅನಾಹುತ ಮುದಕವ್ವನಿಗೆ ತಿಳಿಯಿತು. ಸದ್ದಿಲ್ಲದೆ ಬಂದು ಮೊಬೈಲಿನ ಹಿಂದೆ, ಕ್ಯಾಮೆರಾಕ್ಕೆ ಕಾಣದಂತೆ, ಅವನೆದುರು ಕುಕ್ಕರಗಾಲಲ್ಲಿ ಕೂತಳು. ಅವನ ತುಟಿ ಕದಲುವ ಮುಂಚೆಯೇ ತನ್ನ ತುಟಿಯ ಮೇಲೆ ಬೆರಳಿಡುವಳು. ಅವನು ಉಗುಳು ನುಂಗುವನು. ಸೀರೆಗೆ ಹತ್ತಿದ ಅರಳೆಯ ಧೂಳಿಗೆ ಅವಳಿಗೆ ಸೀನು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ತಡೆದಳು.

ಕೊನೆಗೆ ಪರೀಕ್ಷೆ ಮುಗಿಯಿತೆಂದು ಪರದೆಯ ಮೇಲೆ ಬಂತು.

"ಮುಗೀತಲ್ಲರಿ. ಈಗರ ಮಾತಾಡ್ರಿ," ಎಂದಳು ಮುದಕವ್ವ.

ಯಲಗೂರಪ್ಪ ಮೊಬೈಲನ್ನು ಬೋರಲು ಹಾಕಿ ಮೇಲೆ ಟವೆಲು ಮುಚ್ಚಿದ. ಆದರೂ ತುಟಿಯಲ್ಲಷ್ಟೇ, "ಭಾಳ ಅಂಜಿದ್ನಿ ನೋಡ," ಎಂದ.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಆ ಮಾತನ್ನು ಹೆಂಡತಿಗೆ ಹೇಳಿದ್ದು ಅದೇ ಮೊದಲು.