ಕಂಬಕ್ಕೆ ಕಟ್ಟಿದ ಟವೆಲು

ಮೊನ್ನೆ ಗುರುವಾರ ಸಂಜೆ ಕಪಾಟಿನ ಕೆಳಗಿನ ಖಾನೆಯಲ್ಲಿ ಇಸ್ತ್ರಿಪೆಟ್ಟಿಗೆ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಒಂದು ನೀಲಿ ಟವೆಲು. ಅದರ ತುದಿಯಲ್ಲಿ ಬಿಗಿದ ಗಂಟು ಹಾಗೆಯೇ ಇತ್ತು. ಮೂಗಿಗೆ ಹಿಡಿದರೆ ನೋವಿನ ಮುಲಾಮಿನ ವಾಸನೆ. ಬೇರೆ ಯಾರಾದರೂ ಆಗಿದ್ದರೆ ಹಳೆಯದನ್ನು ನೆನೆಸಿಕೊಂಡು ಮುಗುಳ್ನಗುತ್ತಿದ್ದರೇನೋ. ನಾನು ಮೊದಲು ಮೊಣಕಾಲು ಮುಟ್ಟಿ ನೋಡಿಕೊಂಡೆ.

ಒಮಾನಿನ ಸಹಮ್‌ನಲ್ಲಿ ನನ್ನದು ಸೇಫ್ಟಿ ಆಫೀಸರ್ ಕೆಲಸ. ಒಬ್ಬ ಮನುಷ್ಯ ಏಣಿ ಹತ್ತುವ ಮೊದಲು ಅವನು ಎಷ್ಟು ವಿಧದಲ್ಲಿ ಕೆಳಗೆ ಬೀಳಬಹುದು ಎಂದು ಬರೆದು ಸಹಿ ಹಾಕುವವನು ನಾನು. ಹುಟ್ಟಿದಾಗಿನಿಂದ ಪುಕ್ಕಟೆಯಾಗಿ ಮಾಡಿಕೊಂಡು ಬಂದ ಕೆಲಸಕ್ಕೆ ಒಮಾನಿಗೆ ಬಂದ ಮೇಲೆ ಸಂಬಳ ಸಿಗತೊಡಗಿತು, ಅಷ್ಟೇ. ನಾಲ್ಕು ವರ್ಷದ ಹಿಂದೆ ಮಗಳ ಕಾಲೇಜಿಗೆಂದು ಹೆಂಡತಿಯೂ ಮಗಳೂ ಮೈಸೂರಿಗೆ ಹೋದರು. ಗ್ಯಾಸ್ ಆರಿಸಿದೆಯೇ ಎಂದು ಎರಡು ಸಲ ನೋಡುತ್ತಿದ್ದವನು ನಾಲ್ಕು ಸಲ ನೋಡತೊಡಗಿದೆ, ಅಡುಗೆ ಮಾಡದ ದಿನಗಳಲ್ಲೂ. ಮಗಳಿಗೆ ಫೋನಿನಲ್ಲಿ ಹೇಳಿದರೆ "ಅಪ್ಪಾ, ಯು ವರಿ ಟೂ ಮಚ್" ಎಂದು ಅಮ್ಮನ ಕೈಗೆ ಫೋನು ದಾಟಿಸುತ್ತಿದ್ದಳು.

ಮೆಲ್ವಿನ್ ಬಂದದ್ದು ಆ ಚಳಿಗಾಲದಲ್ಲಿ. ಉಡುಪಿ ಕಡೆಯ ಕೊಂಕಣಿಯವನು, ನಮ್ಮ ಕಂಪನಿಗೆ ಹೊಸದಾಗಿ ಸೇರಿದ ಎಸಿ ಟೆಕ್ನಿಷಿಯನ್. ಕನ್ನಡದವರೆಲ್ಲ ಸೇರಿ ಶುಕ್ರವಾರ ಸಂಜೆ ಸಮುದ್ರದ ಬದಿಯ ಮರಳಿನಲ್ಲಿ ಕಬಡ್ಡಿ ಆಡುತ್ತಿದ್ದರು. ತಂಡದ ಎಡ ಕಾರ್ನರ್ ಕಾಲು ಉಳುಕಿಸಿಕೊಂಡು ಊರಿಗೆ ಹೋಗಿದ್ದ. ಇಬ್ರಿ ಪಟ್ಟಣದ ತಂಡದೊಂದಿಗೆ ಪಂದ್ಯಕ್ಕೆ ಮೂರೇ ವಾರ ಉಳಿದಿತ್ತು. ಇಬ್ರಿಯ ರೇಡರ್ ಸುಕೇಶ, ಅಲ್ಲಿಯ ಗ್ಯಾರೇಜಿನಲ್ಲಿ ಕೆಲಸ ಮಾಡಿದರೂ ಊರಿನಲ್ಲಿ ರಾಜ್ಯ ಮಟ್ಟದಲ್ಲಿ ಆಡಿ ಬಂದವನು. ನಾನು ಕಾಲೇಜಿನಲ್ಲಿ ಕಾರ್ನರ್ ಆಡಿದ್ದೆ ಎಂದು ಹಿಂದೆಂದೋ ಬಾಯಿ ತಪ್ಪಿ ಹೇಳಿದ್ದನ್ನು ತಂಡದ ಕ್ಯಾಪ್ಟನ್ ಸದಾಶಿವಣ್ಣ ನೆನಪಿಟ್ಟುಕೊಂಡಿದ್ದರು. ಆಡಿದ್ದು ಎರಡೇ ಪಂದ್ಯ ಎಂಬುದನ್ನು ನಾನು ಹೇಳಿರಲಿಲ್ಲ. ಅವರು ಮೆಲ್ವಿನ್‌ನನ್ನು ನನಗೆ ಒಪ್ಪಿಸಿ, "ಸುಕೇಶನ್ನ ಒಂದು ಸಲ ಹಿಡಿದ್ರೆ ಜಾಗ ಇವಂದೇ. ಇಲ್ಲದಿದ್ರೆ ಬೇರೆ ಜನ ಉಂಟು" ಎಂದರು.

ನಿಮಗೆ ಕಬಡ್ಡಿ ಮರೆತಿದ್ದರೆ ಇಷ್ಟು ತಿಳಿದಿರಲಿ: ಕಾರ್ನರ್ ಎಂದರೆ ಸಾಲಿನ ತೀರಾ ಕೊನೆಯವನು. ಒಂದು ಪಕ್ಕದಲ್ಲಿ ಗೆರೆ, ಇನ್ನೊಂದು ಪಕ್ಕದಲ್ಲಿ ಜೊತೆಗಾರನ ಕೈ. ಎದುರಿನ ತಂಡದಿಂದ ಮುಟ್ಟಲು ಬರುವ ರೇಡರ್ ಕಾಲು ಚಾಚಿದ ಕೂಡಲೇ ಆ ಕೈ ಬಿಟ್ಟು ಅವನ ಪಾದದ ಮೇಲೆ ಬೀಳಬೇಕು. ಬೇಗ ಬಿದ್ದರೆ ಬಾಯಿಗೆ ಮರಳು, ತಡವಾದರೆ ಔಟು.

ನಮ್ಮ ಕಟ್ಟಡದ ಹಿಂದೆ ಕಾರು ನಿಲ್ಲಿಸುವ ನೆರಳಿಗೆ ಕಬ್ಬಿಣದ ಕಂಬಗಳಿವೆ. ಒಂದಕ್ಕೆ ಟವೆಲು ಕಟ್ಟಿ, ಇದೇ ನಿನ್ನ ಜೊತೆಗಾರ ಎಂದೆ. ಮೆಲ್ವಿನ್ ಅದರ ತುದಿ ಹಿಡಿದು ಬಗ್ಗಿ ನಿಲ್ಲುವನು, ನಾನು ಸುಕೇಶನಾಗಿ "ಕಬಡ್ಡಿ ಕಬಡ್ಡಿ" ಎನ್ನುತ್ತ ಬರುವೆನು. ನನ್ನ ಉಸಿರು ಆರನೆಯ ಕಬಡ್ಡಿಗೆ ಮುಗಿಯುತ್ತಿತ್ತು. ವಾಚ್‌ಮನ್ ಒಂದು ದಿನ ಬಂದು, ಬಟ್ಟೆ ಒಣಗಿಸಲು ಬಾಲ್ಕನಿ ಇದೆಯಲ್ಲ ಸಾಬ್ ಎಂದು ಹಿಂದಿಯಲ್ಲಿ ವಿನಯದಿಂದ ನೆನಪಿಸಿದ.

ಸುಕೇಶನ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಅವನು ಮಾಡಬಹುದಾದ ಹನ್ನೊಂದು ಮೋಸಗಳ ಪಟ್ಟಿ ಬರೆದುಕೊಟ್ಟೆ. ಮೆಲ್ವಿನ್ ಓದಿ ತಲೆ ಕೆರೆದುಕೊಂಡ.

"ಇಷ್ಟನ್ನೂ ಅವ ಒಂದೇ ಉಸಿರಿಗೆ ಮಾಡ್ತಾನಾ ಸರ್?"

ಎಲ್ಲದಕ್ಕೂ ತಯಾರಾಗಿರಬೇಕು ಎಂದೆ.

"ಹಾಗಾದ್ರೆ ಹನ್ನೆರಡನೇದು ಮಾಡಿದ್ರೆ?"

ಅಂದು ನನಗೆ ನಿದ್ದೆ ಬರಲಿಲ್ಲ.

ಅಭ್ಯಾಸ ಮುಗಿದ ಮೇಲೆ ನನ್ನ ಫ್ಲಾಟಿಗೆ ಬಂದು ಚಹಾ ಕುಡಿಯುತ್ತಿದ್ದೆವು. ಅವನು ಕಾಲಿಗೆ ಮುಲಾಮು ಹಚ್ಚಿಕೊಂಡು ಕೈಯನ್ನು ಅದೇ ಟವೆಲಿಗೆ ಒರೆಸುತ್ತಿದ್ದ. ನಾನು ಎರಡು ಲೋಟ ತೊಳೆದಿಡುತ್ತಿದ್ದೆ. ಎರಡು ಲೋಟ ತೊಳೆಯುವುದರಲ್ಲಿ ಏನಿದೆ ಎಂದು ನಿಮಗೆ ಅನ್ನಿಸಬಹುದು. ತಿಂಗಳುಗಟ್ಟಲೆ ಒಂದನ್ನೇ ತೊಳೆದವರನ್ನು ಕೇಳಿ ನೋಡಿ.

ಪಂದ್ಯದ ದಿನ ಸುಕೇಶ ಮೊದಲು ಬಂದದ್ದೇ ಎಡಕ್ಕೆ. ಚಾಚಿದ ಕಾಲು ನಮ್ಮ ಪಟ್ಟಿಯ ಮೂರನೆಯ ಮೋಸ, ನನಗೆ ರೋಮಾಂಚನವಾಯಿತು. ಅಷ್ಟರಲ್ಲಿ ಮೆಲ್ವಿನ್‌ನ ಜೊತೆಗಾರ ಹರೀಶ ಹಿಡಿದಿದ್ದ ಕೈಯನ್ನು ಹಿಂದಕ್ಕೆಳೆದ. ಮೆಲ್ವಿನ್ ಕಂಬ ಹಿಡಿದವನಂತೆ ನಿಂತೇ ಇದ್ದ. ಸುಕೇಶ ಮುಟ್ಟಿ ಹೋದ. ಮತ್ತೆ ಒಳಗೆ ಹೋದಾಗ ಎರಡನೆಯ ಸಲವೂ ಹಾಗೆಯೇ. ಮೆಲ್ವಿನ್ ಔಟಾಗಿ ಬಂದು ಗೆರೆಯ ಹೊರಗೆ, ನನ್ನ ಪಕ್ಕ ಕೂತ.

"ಸರ್, ನಮ್ಮ ಟವೆಲು ಎಳೀತಿರ್ಲಿಲ್ಲ. ಇವ್ರ ಕೈ ಎಳೀತದೆ. ಆಗ ಎಂತ ಮಾಡ್ಬೇಕು?"

ಹನ್ನೊಂದರಲ್ಲಿ ಇದು ಇರಲಿಲ್ಲ.

"ನಂಗೊತ್ತಿಲ್ಲ ಕಣಪ್ಪ. ಹರೀಶನ್ನ ಕೇಳು."

ಮೂರು ವಾರದಲ್ಲಿ ನಾನು ಹೇಳಿದ ಒಂದೇ ಉಪಯೋಗದ ಮಾತು ಅದು. ಮಧ್ಯಂತರದಲ್ಲಿ ಹರೀಶ ಅವನ ಕೈ ಹಿಡಿದು ತೋರಿಸಿಕೊಡುತ್ತಿದ್ದುದು ದೂರದಿಂದ ಕಂಡಿತು. ಎಳೆದರೆ ಹಿಂದೆ ಸರಿ, ಅದುಮಿದರೆ ಬೀಳು. ಎರಡು ನಿಮಿಷದ ಪಾಠ. ಕೊನೆಗೆ ಸುಕೇಶ ಮತ್ತೆ ಎಡಕ್ಕೆ ಬಂದ. ಮೆಲ್ವಿನ್ ಹಿಂದೆ ಸರಿದ, ಇನ್ನೂ ಸರಿದ, ತಟ್ಟನೆ ಪಾದದ ಮೇಲೆ ಬಿದ್ದ. ಸುಕೇಶ ಮರಳಿನಲ್ಲಿ ಉದ್ದಕ್ಕೆ ಮಲಗಿದ್ದ. ಪಂದ್ಯ ಸೋತೆವು, ಮೆಲ್ವಿನ್‌ಗೆ ಜಾಗ ಸಿಕ್ಕಿತು. ಹುಬ್ಬಿನಲ್ಲೆಲ್ಲ ಮರಳು ತುಂಬಿಕೊಂಡು ಓಡಿ ಬಂದು "ಹಿಡಿದೆ ಸರ್" ಎಂದ. ಆಮೇಲೆ ಹರೀಶನ ಹೆಗಲ ಮೇಲೆ ಕೈ ಹಾಕಿಕೊಂಡು ಹೋದ. ಭಾನುವಾರದಿಂದ ಅವನ ಅಭ್ಯಾಸವೂ ಚಹಾವೂ ಹರೀಶನ ರೂಮಿನ ಕಡೆ. ಮರುವರ್ಷ ಅವನಿಗೆ ದೂರದ ಖಸಬ್‌ಗೆ ವರ್ಗವಾಯಿತು. ಈಗಲೂ ಕ್ರಿಸ್‌ಮಸ್‌ಗೆ ಮೆಸೇಜು ಬರುತ್ತದೆ.

ಹರೀಶ ಇದ್ದದ್ದು ನನ್ನ ಫ್ಲಾಟಿನಿಂದ ಎರಡು ಬೀದಿ ಆಚೆ. ಆ ಮೂರು ವಾರದಲ್ಲಿ ಯಾವ ಸಂಜೆ ಕರೆದಿದ್ದರೂ ಬರುತ್ತಿದ್ದ. ಕಂಬಕ್ಕಿಂತ ಮನುಷ್ಯನ ಕೈ ವಾಸಿ ಎಂದು ತಿಳಿಯಲು ಸೇಫ್ಟಿ ಆಫೀಸರ್ ಆಗಬೇಕಿಲ್ಲ. ನಾನು ಕರೆಯಲಿಲ್ಲ. ಹರೀಶ ಬಂದರೆ ಕರಾವಳಿಯವರಾದ ಅವರಿಬ್ಬರೂ ನನಗೆ ಬಾರದ ತುಳುವಿನಲ್ಲಿ ನಗುತ್ತಾರೆ, ಚಹಾಕ್ಕೆ ಬೇರೆಲ್ಲೋ ಹೋಗುತ್ತಾರೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಆ ಸಂಜೆಗಳು ನನಗೆ ಬೇಕಿದ್ದವು. ಅದಕ್ಕಾಗಿ ಮೆಲ್ವಿನ್‌ನ ಜಾಗವನ್ನೇ ಕಳೆಯುವವನಿದ್ದೆ. ಇದನ್ನು ಅವನಿಗೆ ಇಂದಿಗೂ ಹೇಳಿಲ್ಲ.

ಮೊನ್ನೆ ಗುರುವಾರ ಆ ಗಂಟು ಬಿಚ್ಚಲು ಕಾಲು ಗಂಟೆ ಹಿಡಿಯಿತು, ಕೊನೆಗೆ ಹಲ್ಲಿನಿಂದ. ಟವೆಲು ಒಗೆದು, ವಾಚ್‌ಮನ್ ಹೇಳಿದ ಹಾಗೆ ಬಾಲ್ಕನಿಯಲ್ಲಿ ಹಾಕಿದೆ. ಶುಕ್ರವಾರ ಸಂಜೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಮರಳಿಗೆ ಹೋದೆ. ಸದಾಶಿವಣ್ಣ ನೋಡಿ, "ಎಂತ ಸರ್, ಪುನಃ ಲಿಸ್ಟ್ ತಂದಿದ್ದೀರಾ?" ಎಂದರು.

"ಇಲ್ಲ. ಒಂದು ಕೈ ಕಡಿಮೆ ಇದ್ರೆ ನಿಂತ್ಕೋತೀನಿ."

ಹರೀಶ ರಜೆಯಲ್ಲಿದ್ದ. ಅವನ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ಪಕ್ಕದ ಕಾರ್ನರ್‌ನಲ್ಲಿ ಅಂದೇ ಮೊದಲ ಸಲ ಬಂದ, ಕನ್ನಡಕವನ್ನು ದಾರದಿಂದ ಕಟ್ಟಿಕೊಂಡ ನನ್ನದೇ ವಯಸ್ಸಿನವರೊಬ್ಬರು. ಹೆಸರು ಕೇಳುವಷ್ಟರಲ್ಲಿ ರೇಡರ್ ಗೆರೆ ದಾಟಿದ. ಅವರು ನನ್ನ ಕೈ ಹಿಡಿದು ಬಗ್ಗಿ ನಿಂತರು. ನಾನು ನಮ್ಮಿಬ್ಬರ ಮೊಣಕಾಲುಗಳಿಗೆ ಏನೇನಾಗಬಹುದು ಎಂದು ಎಣಿಸತೊಡಗಿದ್ದೆ. ನಾಲ್ಕಕ್ಕೆ ಬಂದಾಗ, ಅವರು ನನ್ನ ಕೈಯ ಸೂಚನೆಗಾಗಿ ಕಾಯುತ್ತಿದ್ದಾರೆಂದು ತಿಳಿಯಿತು.

ಎಳೆದೆ.